ಆವರಿಕೆ: ಕಿವಿ ಹಿಡಿದು ಗುರುತಿಸುವ ಗಿಡ

ಚಿತ್ರದುರ್ಗದ ಕಡೆ ಬಸ್ಸಿನಲ್ಲಿ ಹೋದವರು ಇದನ್ನು ನೋಡಿಯೇ ಇರುತ್ತೀರಿ. ಬಂಡೆಗಳ ಸಂದಿ, ರಸ್ತೆಯ ಅಂಚು, ಬೀಳುಬಿಟ್ಟ ಹೊಲ, ಎಲ್ಲಿ ಬೇರೇನೂ ಬಾಳದೋ ಅಲ್ಲಿ ಎದೆಯೆತ್ತರದ ಪೊದೆ, ತುದಿ ತುಂಬ ಅರಿಶಿನ ಹಳದಿ ಹೂ. ಅದೇ ಆವರಿಕೆ. ತಂಗಡಿ ಎಂದರೂ ಇದೇ, ಹೊನ್ನಾವರಿಕೆ ಎಂದರೂ ಇದೇ. ಹೊನ್ನು ಯಾಕೆ ಸೇರಿಕೊಂಡಿತು ಎಂದು ಹೂ ಕಂಡವರಿಗೆ ಹೇಳಬೇಕಾಗಿಲ್ಲ. ತೆಲುಗಿನ ತಂಗೇಡು ನಮ್ಮ ತಂಗಡಿಯ ಒಡಹುಟ್ಟು, ತಮಿಳಿನ ಆವಾರೈ ನಮ್ಮ ಆವರಿಕೆಯದು. ಗಡಿಸೀಮೆಯ ಗಿಡವಲ್ಲವೇ, ಎರಡು ಕಡೆಯ ನೆಂಟಸ್ತನವನ್ನೂ ಹೆಸರಿನಲ್ಲೇ ಇಟ್ಟುಕೊಂಡಿದೆ.

ಆದರೆ ಹೆಸರೊಂದನ್ನೇ ನಂಬಿ ಹೊರಟರೆ ಮೋಸ ಹೋಗುತ್ತೀರಿ. ನಾನು ಹೋಗಿದ್ದೇನೆ. ನರ್ಸರಿಯೊಂದರಲ್ಲಿ ‘ಹಳದಿ ಹೂವಿನ ಆವರಿಕೆ’ ಎಂದು ಕೊಟ್ಟ ಸಸಿ ಮೂರು ವರ್ಷಕ್ಕೆ ಮಾಳಿಗೆ ಮುಟ್ಟಿತು. ಅದು ಸೀಮೆ ತಂಗಡಿ, ಸಾಲುಮರವಾಗಿ ನೆಡುವ ಜಾತಿ. ಅಂದಿನಿಂದ ನಾನು ಹೂ ನೋಡಿ ಆವರಿಕೆಯನ್ನು ಗುರುತಿಸುವುದು ಬಿಟ್ಟೆ. ಈ ಕುಲದಲ್ಲಿ ಹಳದಿ ಹೂ ಬಿಡದವರೇ ಕಡಿಮೆ.

ನೋಡಬೇಕಾದದ್ದು ಕಿವಿ. ಎಲೆಯ ತೊಟ್ಟು ಕೊಂಬೆಗೆ ಸೇರುವ ಜಾಗಕ್ಕೆ ಬೆರಳು ತನ್ನಿ. ಅಲ್ಲಿ ಎರಡೂ ಬದಿಗೆ ಅಗಲವಾದ, ಮೂತ್ರಪಿಂಡದ ಆಕಾರದ ಪುಟ್ಟ ಎಲೆಗಳು ಕೊಂಬೆಯನ್ನು ತಬ್ಬಿಕೊಂಡಂತೆ ಇರುತ್ತವೆ. ಸಸ್ಯಶಾಸ್ತ್ರದವರು ಇವನ್ನು ಕಾವಿನೆಲೆ ಅನ್ನುತ್ತಾರೆ. ಎಷ್ಟೋ ಗಿಡಗಳಲ್ಲಿ ಕಾವಿನೆಲೆ ಚೂರಿನಷ್ಟಿದ್ದು ಬೇಗ ಉದುರಿಹೋಗುತ್ತದೆ. ಆವರಿಕೆಯಲ್ಲಿ ದೊಡ್ಡದಾಗಿ ಉಳಿದುಕೊಳ್ಳುತ್ತದೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಈ ಗಿಡವನ್ನು ಕ್ಯಾಸಿಯಾ ಆರಿಕ್ಯುಲೇಟಾ ಎಂದು ಕರೆದ. ಆರಿಕ್ಯುಲೇಟಾ ಎಂದರೆ ಕಿವಿಯುಳ್ಳದ್ದು. ಈಗ ಕುಲ ಬದಲಾಗಿ ಸೆನ್ನಾ ಆಗಿದೆ, ಕಿವಿ ಮಾತ್ರ ಹಾಗೇ ಇದೆ.

ಇನ್ನೂ ಅನುಮಾನವಿದ್ದರೆ ಎಲೆಯ ನಡುದಂಟನ್ನು ಬಿಸಿಲಿಗೆ ಹಿಡಿದು ನೋಡಿ. ಎಂಟರಿಂದ ಹನ್ನೆರಡು ಜೋಡಿ ಕಿರುಎಲೆ, ಪ್ರತಿ ಜೋಡಿಯ ನಡುವೆ ಕಡ್ಡಿಯಂತೆ ಎದ್ದುನಿಂತ ಒಂದು ಸಣ್ಣ ಗ್ರಂಥಿ. ಕಾಯಿ ಚಪ್ಪಟೆ, ಒಣಗಿದರೆ ಕಾಗದದಷ್ಟು ತೆಳು, ಒಳಗಿನ ಬೀಜದ ಉಬ್ಬು ಹೊರಗಿನಿಂದಲೇ ಎಣಿಸಬಹುದು. ಮಳೆಗಾಲದಲ್ಲಿ ಸೊಪ್ಪು ಕೊಯ್ಯುವ ತಗಚೆ ಇದರ ದಾಯಾದಿಯೇ. ಆದರೆ ಅದಕ್ಕೆ ಮೂರೇ ಜೋಡಿ ಕಿರುಎಲೆ, ಮೈಯೂ ಮೆತ್ತಗೆ.

ಬೆಳಗಿನ ಹೊತ್ತು ಗಿಡದ ಪಕ್ಕ ಐದು ನಿಮಿಷ ನಿಲ್ಲಿ. ಕರಿ ದುಂಬಿ ಬಂದು ಹೂವನ್ನು ಅಪ್ಪಿಕೊಂಡು ಝುಂಯ್ ಎಂದು ಮೈ ನಡುಗಿಸುತ್ತದೆ. ಈ ಹೂವಿನಲ್ಲಿ ಮಕರಂದವಿಲ್ಲ. ಪರಾಗ ತುಂಬಿದ ಚೀಲಗಳಿಗೆ ತುದಿಯಲ್ಲಿ ಸಣ್ಣ ತೂತು ಮಾತ್ರ. ಉಪ್ಪಿನ ಡಬ್ಬಿ ಕೊಡವಿದ ಹಾಗೆ ಕೊಡವಿದರೇ ಪುಡಿ ಉದುರುವುದು.

ಬೆಳೆಸುವುದು ಸುಲಭ, ನೀವು ಹೆಚ್ಚು ಪ್ರೀತಿ ತೋರಿಸದಿದ್ದರೆ. ಒಣಗಿದ ಕಾಯಿಯ ಬೀಜಕ್ಕೆ ಸಿಪ್ಪೆ ಗಟ್ಟಿ. ಕುದಿಸಿ ಒಲೆಯಿಂದ ಇಳಿಸಿದ ನೀರಿಗೆ ಹಾಕಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆಗೆ ಉಬ್ಬಿರುತ್ತದೆ. ಉಬ್ಬದೆ ಉಳಿದವನ್ನು ಮರಳು ಕಾಗದಕ್ಕೆ ಒಂದು ಸಲ ಉಜ್ಜಿ ಮತ್ತೆ ನೆನೆಸಿ. ತಾಯಿಬೇರು ಆಳಕ್ಕೆ ಓಡುವ ಗಿಡ, ಪ್ಲಾಸ್ಟಿಕ್ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಬೇರು ಸಿಂಬೆ ಸುತ್ತಿಕೊಳ್ಳುತ್ತದೆ. ಮುಂಗಾರು ಹಿಡಿದ ಮೇಲೆ ಬೇಕಾದ ಜಾಗದಲ್ಲೇ ಬೀಜ ಊರುವುದು ವಾಸಿ. ಮೊದಲ ಬೇಸಿಗೆಗೆ ಆಗಾಗ ಒಂದು ಚೊಂಬು ನೀರು, ಆಮೇಲೆ ಅದೂ ಬೇಡ. ನೀರು ನಿಂತರೆ ಕೊಳೆಯುತ್ತದೆ, ನೆರಳಿದ್ದರೆ ಹೂ ಬಿಡದು. ದನ ಬಾಯಿ ಹಾಕುವುದಿಲ್ಲವಾದ್ದರಿಂದ ಬೇಲಿ ಸಾಲಿಗೂ ಆಗುತ್ತದೆ. ಎಲೆ ತಿನ್ನುವ ಹಸಿರು ಹುಳು ಕಂಡರೆ ಔಷಧ ಹೊಡೆಯಬೇಡಿ, ಅವು ತಿಳಿಹಳದಿ ಚಿಟ್ಟೆಯ ಮರಿಗಳು. ಗಿಡ ಮತ್ತೆ ಚಿಗುರುತ್ತದೆ.

ಇಷ್ಟು ಒರಟು ಗಿಡಕ್ಕೆ ಹಿಂದೆ ದೊಡ್ಡ ಪೇಟೆಯೇ ಇತ್ತು. ತೊಗಟೆಯಲ್ಲಿ ಚರ್ಮ ಹದಮಾಡುವ ಒಗರು, ಅಂದರೆ ಟ್ಯಾನಿನ್, ಧಾರಾಳ. ದಕ್ಷಿಣ ಭಾರತದ ಹದಗಾರರು ಕೊಂಬೆ ಕಡಿದು ತೊಗಟೆ ಸುಲಿದು ನೀರಿನಲ್ಲಿ ನೆನೆಹಾಕಿ ಅದರಲ್ಲಿ ತೊಗಲು ಅದ್ದುತ್ತಿದ್ದರು. ವಾಟಲ್ ಎಂಬ ಹೊರದೇಶದ ಜಾಲಿ ಜಾತಿಯ ಮರದ ತೊಗಟೆ ಬಂದ ಮೇಲೆ ಆವರಿಕೆಯ ಬೇಡಿಕೆ ಇಳಿಯಿತು.

ತೆಲಂಗಾಣ ಮಾತ್ರ ಇದನ್ನು ತಲೆ ಮೇಲೆ ಹೊತ್ತುಕೊಂಡಿದೆ, ಅಕ್ಷರಶಃ. ಬತುಕಮ್ಮ ಹಬ್ಬದಲ್ಲಿ ಹೆಂಗಸರು ತಲೆ ಮೇಲೆ ಹೊರುವ ಹೂಗೋಪುರದಲ್ಲಿ ತಂಗೇಡು ಇರಲೇಬೇಕು. ರಾಜ್ಯ ಹುಟ್ಟಿದ 2014ರಲ್ಲೇ ಅದು ರಾಜ್ಯದ ಹೂವೂ ಆಯಿತು. ತಮಿಳರು ‘ಆವಾರೈ ಹೂ ಬಿಟ್ಟಿರುವಾಗ ಸಾಯುವವರನ್ನು ಕಂಡವರುಂಟೇ’ ಎಂದು ಗಾದೆಯನ್ನೇ ಕಟ್ಟಿದ್ದಾರೆ. ಆ ಗಾದೆ ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿ ಹೂವಿನ ಕಷಾಯಕ್ಕೆ ಇಳಿಯಬೇಡಿ, ವೈದ್ಯರನ್ನು ಕೇಳಿ. ನಮ್ಮಲ್ಲಿ ದೀಪಾವಳಿ ಹೊತ್ತಿಗೆ ಬಯಲುಸೀಮೆಯ ಮಕ್ಕಳು ಸಗಣಿಯ ಹಟ್ಟಿ ಲಕ್ಕವ್ವನಿಗೆ ಚುಚ್ಚಲು ಹೂ ಹುಡುಕಿ ಹೊರಡುತ್ತಾರಲ್ಲ, ಅವರ ಜೊತೆ ಹೋಗಿ. ಆವರಿಕೆ ಯಾವ ದಿಬ್ಬದ ಮೇಲಿದೆ ಎಂದು ಅವರಿಗೆ ಗೊತ್ತಿರುತ್ತದೆ. ಬರುವಾಗ ಒಣಗಿದ ನಾಲ್ಕು ಕಾಯಿ ಜೇಬಿಗಿಳಿಸಿ.