‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲ’

ಮಂಡ್ಯದಲ್ಲಿರುವ ನನ್ನ ಕಿವಿ, ಮೂಗು, ಗಂಟಲು ಚಿಕಿತ್ಸಾಲಯಕ್ಕೆ ಹುಟ್ಟುಕಿವುಡಿನ ಮಗುವನ್ನು ಕರೆತರುವ ಹಿರಿಯರು ಹೆಚ್ಚಾಗಿ ಒಂದೇ ಮಾತಿನಿಂದ ಆರಂಭಿಸುತ್ತಾರೆ: ‘ನಮ್ ವಂಸ್ದಲ್ಲಿ ಯಾರ್ಗೂ ಇಂಗಿಲ್ಲ ಕಣಪ್ಪ.’ ತೊಂದರೆ ರಕ್ತದಿಂದ ಬಂದದ್ದಲ್ಲ ಎಂಬುದಕ್ಕೆ ಅವರ ಪಾಲಿಗೆ ಅದೇ ಸಾಕ್ಷಿ. ಆದರೆ ವಂಶವಾಹಿಯಿಂದ ಬರುವ ಹುಟ್ಟುಕಿವುಡಿನ ಬಹುಪಾಲು ಪ್ರಕರಣಗಳಲ್ಲಿ ತಂದೆ, ತಾಯಿ, ಅಜ್ಜ, ಅಜ್ಜಿ ಎಲ್ಲರಿಗೂ ಕಿವಿ ಚೆನ್ನಾಗಿಯೇ ಕೇಳಿಸುತ್ತಿರುತ್ತದೆ.

ಹೀಗೆ ಹೇಳಿದ ಒಬ್ಬ ಅಜ್ಜಿಯ ಎದುರಿಗೆ ಚೀಟಿಯ ಹಿಂಬದಿಯಲ್ಲಿ ಅವರ ವಂಶವೃಕ್ಷವನ್ನು ಬರೆದೆ (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ). ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ರಕ್ತಸಂಬಂಧದ ಮದುವೆಗೆ ಜೋಡಿಗೆರೆ. ಮಗುವಿನ ತಂದೆ ಅಜ್ಜಿಯ ಮಗ. ತಾಯಿ ಆತನ ಅಕ್ಕನ ಮಗಳು, ಅಂದರೆ ಅಜ್ಜಿಯ ಮೊಮ್ಮಗಳು. ಊರಿನವರು ಬಸುರಿ ಗ್ರಹಣದ ದಿನ ಹೊರಗೆ ಬಂದಿದ್ದಳೆಂದು ಆ ಹುಡುಗಿಯನ್ನೇ ದೂರುತ್ತಿದ್ದರು. ಹಾಳೆಯ ಮೇಲಾದರೋ ಗಂಡನಿಂದ ಒಂದು ಗೆರೆ, ಹೆಂಡತಿಯಿಂದ ಒಂದು ಗೆರೆ ಮೇಲೇರಿ, ಅಜ್ಜಿ ಮತ್ತು ಅವರ ಯಜಮಾನರಲ್ಲಿಯೇ ಕೂಡಿಕೊಂಡವು.

ನಮ್ಮ ಹೆಚ್ಚಿನ ಜೀವಕೋಶಗಳಲ್ಲಿ ವಂಶವಾಹಿಗಳನ್ನು ಹೊತ್ತ 23 ಜೊತೆ ವರ್ಣತಂತುಗಳಿದ್ದು, ಪ್ರತಿ ಜೊತೆಯಲ್ಲಿ ಒಂದು ತಂದೆಯದು, ಇನ್ನೊಂದು ತಾಯಿಯದು. ಆದ್ದರಿಂದ ಬಹುತೇಕ ವಂಶವಾಹಿಗಳ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ. ಈ ಬಗೆಯ ಕಿವುಡಿನಲ್ಲಿ ಒಂದು ಪ್ರತಿ ಕೆಟ್ಟರೂ ಇನ್ನೊಂದು ಕೆಲಸ ನಡೆಸುವುದರಿಂದ ಅಂಥವರಿಗೆ ಯಾವ ತೊಂದರೆಯೂ ಕಾಣದು; ಅವರು ಕೇವಲ ವಾಹಕರು. ಸೋದರಮಾವ ಮತ್ತು ಅಕ್ಕನ ಮಗಳ ವಂಶವಾಹಿಗಳಲ್ಲಿ ಸರಾಸರಿ ನಾಲ್ಕನೇ ಒಂದು ಭಾಗ, ಅತ್ತೆ ಮಗ ಮತ್ತು ಮಾವನ ಮಗಳಲ್ಲಿ ಎಂಟನೇ ಒಂದು ಭಾಗ ಒಂದೇ ಮೂಲದಿಂದ ಬಂದಿರುತ್ತದೆ. ಒಂದೇ ದೋಷವು ಗಂಡ ಹೆಂಡತಿ ಇಬ್ಬರಲ್ಲಿಯೂ ಅಡಗಿರುವ ಸಂಭವ ಹೆಚ್ಚುವುದು ಹೀಗೆ.

ಅಜ್ಜಿಗೆ ಇದನ್ನು ಚೌಕಾಬಾರದ ಹುಣಸೆ ಬೀಜಗಳಿಂದ ವಿವರಿಸಿದೆ. ಒಂದು ಮಗ್ಗುಲನ್ನು ತೇದು ಬಿಳಿ ಮಾಡಿದ ಎರಡು ಬೀಜಗಳು ತಂದೆ ತಾಯಿ ಎನ್ನಿ, ಬಿಳಿ ಮಗ್ಗುಲು ಕೆಟ್ಟ ಪ್ರತಿ. ಎರಡೂ ಬಿಳಿ ಬಿದ್ದರೆ ಮಗುವಿಗೆ ಕಿವುಡು: ನಾಲ್ಕರಲ್ಲಿ ಒಂದು ಸಾಧ್ಯತೆ. ಒಂದು ಮಾತ್ರ ಬಿಳಿ ಬಿದ್ದರೆ ವಾಹಕ: ನಾಲ್ಕರಲ್ಲಿ ಎರಡು. ಮೊದಲ ಮಗುವಿಗೆ ಹೀಗಾಯಿತು, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ಎಂದು ಓದಿದವರೂ ಲೆಕ್ಕ ಹಾಕುವುದುಂಟು. ಬೀಜಗಳಿಗೆ ಹಿಂದಿನ ಗರ ನೆನಪಿರುವುದಿಲ್ಲ. ಪ್ರತಿ ಬಸಿರಿಗೂ ಹೊಸ ಗರ ಬೀಳುತ್ತದೆ.

ಎತ್ತರ, ಮೈಬಣ್ಣಗಳಿಗೆ ಈ ಲೆಕ್ಕ ಹೊಂದದು, ಅವನ್ನು ಹಲವಾರು ವಂಶವಾಹಿಗಳು ಸೇರಿ ನಿರ್ಧರಿಸುತ್ತವೆ. ಎಲ್ಲ ಹುಟ್ಟುಕಿವುಡೂ ಆನುವಂಶಿಕವಲ್ಲ. ಬಸುರಿಯಲ್ಲಿ ಕಾಣಿಸಿಕೊಂಡ ರುಬೆಲ್ಲಾ ಸೋಂಕೂ ಕಾರಣವಾಗಬಹುದು.

ಆನುವಂಶಿಕವಾದದ್ದಕ್ಕೂ ಕಾರಣ ಒಂದೇ ಅಲ್ಲ. ಕಿವುಡಿಗೆ ಸಂಬಂಧಿಸಿದ ನೂರಕ್ಕೂ ಹೆಚ್ಚು ವಂಶವಾಹಿಗಳು ಪತ್ತೆಯಾಗಿದ್ದು, ಅವುಗಳಲ್ಲಿ ಹೆಚ್ಚು ಪರಿಚಿತವಾದ ಜಿಜೆಬಿ2 ಎಂಬುದು 13ನೇ ವರ್ಣತಂತುವಿನಲ್ಲಿದೆ. ಒಳಗಿವಿಯ ಜೀವಕೋಶಗಳ ನಡುವೆ ಕಿಂಡಿಯಂತಿರುವ ಕನೆಕ್ಸಿನ್ 26 ಎಂಬ ಪ್ರೋಟೀನನ್ನು ಅದು ರೂಪಿಸುತ್ತದೆ. ಹುಟ್ಟುಕಿವುಡರಿಬ್ಬರು ಮದುವೆಯಾದಾಗ, ಇಬ್ಬರಲ್ಲೂ ಈ ಒಂದೇ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿದ್ದರೆ ಮಕ್ಕಳೆಲ್ಲರಿಗೂ ಕಿವುಡು; ಅವನದು ಒಂದು ವಂಶವಾಹಿ, ಅವಳದು ಇನ್ನೊಂದಾದರೆ ಸಾಮಾನ್ಯವಾಗಿ ಮಕ್ಕಳಿಗೆಲ್ಲ ಕಿವಿ ಕೇಳಿಸುತ್ತದೆ.

ಮಗುವಿಗೆ ಶ್ರವಣಸಾಧನ ಮತ್ತು ಮಾತಿನ ತರಬೇತಿಗಾಗಿ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಚೀಟಿ ಬರೆದೆ. ಆರು ತಿಂಗಳೊಳಗೆ ಆರಂಭವಾಗಬೇಕಿದ್ದ ಕೆಲಸ ಅದು. ಮಗುವಿಗೆ ಆಗಲೇ ಒಂದೂವರೆ ವರ್ಷ.

ಏಳುವಾಗ ಅಜ್ಜಿ, ಕಿರಿಯ ಮಗನಿಗೆ ಇದೇ ಸೊಸೆಯ ತಂಗಿಯನ್ನು ತರುವ ಮಾತಾಗಿದೆ ಎಂದರು. ದೋಷ ಅಜ್ಜಿ ಅಥವಾ ಅವರ ಯಜಮಾನರಿಂದ ಇಳಿದು ಬಂದದ್ದೆಂಬ ನಮ್ಮ ಊಹೆ ಸರಿಯಾಗಿದ್ದರೆ, ಆ ಹುಡುಗ ವಾಹಕನಾಗಿರುವ ಸಾಧ್ಯತೆ ಅರ್ಧ, ಹುಡುಗಿಯದೂ ಅರ್ಧ, ಇಬ್ಬರೂ ಆಗಿರುವುದು ನಾಲ್ಕರಲ್ಲಿ ಒಂದು. ಅವರ ರಕ್ತವನ್ನು ಈಗಲೇ ಪರೀಕ್ಷಿಸಿ ಪ್ರಯೋಜನವಿಲ್ಲ. ಮೊದಲು ಮಗುವಿನ ರಕ್ತದಲ್ಲಿ ಯಾವ ವಂಶವಾಹಿ ಕೆಟ್ಟಿದೆಯೆಂದು ಗೊತ್ತಾಗಬೇಕು, ಆಮೇಲೆ ಅದೊಂದನ್ನೇ ಇವರಿಬ್ಬರಲ್ಲಿ ಹುಡುಕಬೇಕು. ವರದಿ ಬರಲು ಕೆಲವು ವಾರಗಳಾದರೂ ಬೇಕೆಂದಾಗ ಅಜ್ಜಿ ಬೆರಳು ಮಡಚಿ ಎಣಿಸಿ, ಅಲ್ಲಿಯವರೆಗೆ ವೀಳ್ಯಶಾಸ್ತ್ರವನ್ನು ನಿಲ್ಲಿಸುವುದಾಗಿ ಹೇಳಿ, ಗೆರೆ ಎಳೆದ ಆ ಚೀಟಿಯನ್ನು ಮಗಳಿಗೆ ತೋರಿಸಬೇಕೆಂದು ಮಡಚಿ ಎಲೆಯಡಿಕೆ ಚೀಲದಲ್ಲಿಟ್ಟುಕೊಂಡರು.