ಕ್ರಾಕೊ: ನೀರು ಕುಡಿದು ಜಾರಿದ ಗುಡ್ಡ

ತಲೆಗೆ ಹೆಲ್ಮೆಟ್ ಇಲ್ಲದೆ ಕ್ರಾಕೊ ಊರಿನ ಒಳಗೆ ಯಾರನ್ನೂ ಬಿಡುವುದಿಲ್ಲ. ಟಿಕೆಟ್ ಕೊಂಡು ಗೈಡ್ ಹಿಂದೆ ಗುಂಪಾಗಿ ನಡೆಯಬೇಕು, ಗೊತ್ತು ಮಾಡಿದ ದಾರಿ ಬಿಟ್ಟು ಪಕ್ಕದ ಓಣಿಗೆ ಇಳಿಯುವಂತಿಲ್ಲ. ಯಾಕೆಂದು ನಾಲ್ಕು ಹೆಜ್ಜೆ ಹಾಕಿದರೆ ತಿಳಿಯುತ್ತದೆ. ಗೋಡೆಯೊಂದು ಮೇಲಿನಿಂದ ಕೆಳಗಿನವರೆಗೆ ಸೀಳಿ ನಿಂತಿದೆ, ಆ ಸೀಳಿನಲ್ಲಿ ಗಿಡ ಬೇರು ಬಿಟ್ಟಿದೆ. ಮಹಡಿಯ ಬಾಗಿಲು ಹಾಗೇ ಇದೆ, ಅದರಾಚೆ ಕೋಣೆಯಿಲ್ಲ, ಬರೀ ಆಕಾಶ.

ದಕ್ಷಿಣ ಇಟಲಿಯ ಬಸಿಲಿಕಾತಾ ಪ್ರಾಂತ್ಯದಲ್ಲಿ, ತಾರಂತೊ ಕೊಲ್ಲಿಯಿಂದ ಸುಮಾರು 40 ಕಿ.ಮೀ. ಒಳನಾಡಿನಲ್ಲಿ, ಜನ ಬಿಟ್ಟುಹೋದ ಈ ಊರಿದೆ. ಸುಮಾರು 400 ಮೀಟರ್ ಎತ್ತರದ ಗುಡ್ಡದ ನೆತ್ತಿಯ ಮೇಲೆ, ಉತ್ತರ ಫ್ರಾನ್ಸಿನಿಂದ ಬಂದು ದಕ್ಷಿಣ ಇಟಲಿಯನ್ನು ಗೆದ್ದ ನಾರ್ಮನ್ನರ ಚೌಕ ಗೋಪುರ, ಅದಕ್ಕೆ ಅಂಟಿಕೊಂಡಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಮನೆಗಳು. ಸುತ್ತ ಗೋಧಿ ಹೊಲ, ಅವುಗಳ ನಡುವೆ ಹುಲ್ಲೂ ಹುಟ್ಟದ ಬೋಳು ಮಣ್ಣಿನ ದಿಬ್ಬಗಳು. ಅಲ್ಲಿಯವರು ಇವುಗಳನ್ನು ‘ಕಲಾಂಕಿ’ ಎನ್ನುತ್ತಾರೆ. ಮಳೆ ಜೇಡಿಮಣ್ಣನ್ನು ಕೊರೆದು ಕೊರೆದು ಮಾಡಿದ ಕೊರಕಲುಗಳವು. ಊರಿಗೆ ಮುಂದೆ ಏನು ಕಾದಿತ್ತೆಂಬುದನ್ನು ಆ ದಿಬ್ಬಗಳು ಮೊದಲಿನಿಂದಲೂ ಹೇಳುತ್ತಲೇ ಇದ್ದವು.

ಪ್ರವಾಸಿಗರಿಗೆ ಇದು ‘ಭೂತದ ಊರು’. ಆ ಹೆಸರು ನನಗೆ ಹಿಡಿಸುವುದಿಲ್ಲ. ಇಲ್ಲಿಂದ ಜನ ಹೋದದ್ದಕ್ಕೆ ಕೈಯಿಟ್ಟು ತೋರಿಸಬಹುದಾದ ಕಾರಣಗಳಿವೆ. ಭೂತದ ಕಥೆ ಕಟ್ಟಿದರೆ ಆ ಕಾರಣಗಳೆಲ್ಲ ಮರೆಯಾಗುತ್ತವೆ.

ಅಷ್ಟು ಎತ್ತರಕ್ಕೆ ಹತ್ತಿ ಮನೆ ಕಟ್ಟಿದ್ದೇ ಕೆಳಗಿನ ಭಯದಿಂದ. ಕರಾವಳಿಯ ಬಯಲಿನಲ್ಲಿ ದಾಳಿಕೋರರ ಕಾಟ, ಜೌಗಿನಲ್ಲಿ ಮಲೇರಿಯಾ. 1060ರ ದಾಖಲೆಯೊಂದು ಈ ಊರನ್ನು ‘ಗ್ರಾಕುಲುಂ’ ಎಂದು ಕರೆಯುತ್ತದೆ. ಉತ್ತ ಚಿಕ್ಕ ಹೊಲ ಎಂಬುದು ಅದರ ಅರ್ಥ ಎನ್ನುತ್ತಾರೆ. ಆಗ ಅದು ತ್ರಿಕಾರಿಕೊದ ಬಿಷಪ್ಪನ ಸ್ವತ್ತು. 12ನೇ ಶತಮಾನದಲ್ಲಿ ನಾರ್ಮನ್ ಜಹಗೀರುದಾರರ ಕೈಗೆ ಹೋಯಿತು. ಚಕ್ರವರ್ತಿ 2ನೇ ಫ್ರೆಡರಿಕನ ಕಾಲಕ್ಕೆ ಸೇನೆಯ ನೆಲೆಯಾಯಿತು, ಸೆರೆಯಾಳುಗಳನ್ನು ಕೂಡಿಡುವ ಜಾಗವೂ ಆಯಿತು. 1277ರಲ್ಲಿ 450 ಜನರಿದ್ದ ಊರು 1561ರ ಹೊತ್ತಿಗೆ 2,590ಕ್ಕೆ ಬೆಳೆದಿತ್ತು. 1656ರ ಪ್ಲೇಗಿನಲ್ಲಿ ನೂರಾರು ಜನ ಸತ್ತರು. ಆದರೂ ಊರು ಉಳಿಯಿತು.

ಮುಂದೆ ಹಸಿವು ಜನರನ್ನು ಹೊರಗೆ ಎಳೆಯಿತು. ಸವಕಲು ಮಣ್ಣು, ಕೈಗೆ ಹತ್ತದ ಬೆಳೆ, ದೊಡ್ಡ ಜಮೀನ್ದಾರರ ಹಿಡಿತ. 1892ರಿಂದ 1922ರ ನಡುವೆ 1,300ಕ್ಕೂ ಹೆಚ್ಚು ಮಂದಿ ಅಮೆರಿಕ ಖಂಡದ ಹಡಗು ಹತ್ತಿದರು. ಎರಡು ಸಾವಿರದ ಆಚೀಚೆ ಜನವಿದ್ದ ಊರಿಗೆ ಇದು ಸಣ್ಣ ಲೆಕ್ಕವಲ್ಲ. ಊರನ್ನು ಖಾಲಿ ಮಾಡಿಸಿದ ಭೂಕುಸಿತಕ್ಕೆ ಮುಂಚೆಯೇ ಎಷ್ಟೋ ಮನೆಗಳ ಒಲೆ ಆರಿತ್ತು.

ಗುಡ್ಡದ ನೆತ್ತಿಯಲ್ಲಿ ಕಲ್ಲಿದೆ. ಅದಕ್ಕೇ ಗೋಪುರ ಇಂದಿಗೂ ನಿಂತಿದೆ. ಊರು ಬೆಳೆದಂತೆ ಮನೆಗಳು ಹರಡಿದ್ದು ಇಳಿಜಾರಿನ ಜೇಡಿಮಣ್ಣಿನ ಮೇಲೆ. ಈ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಆ ಬಿರುಕಿನ ಮೂಲಕವೇ ನೀರು ಕುಡಿದು ಉಬ್ಬುತ್ತದೆ. ಒದ್ದೆಯಾದ ಪದರದ ಮೇಲೆ ಮೇಲಿನ ಭಾರವೆಲ್ಲ ನಿಧಾನಕ್ಕೆ ಜಾರುತ್ತದೆ. ಶತಮಾನಗಳ ಕಾಲ ಜನ ನೀರನ್ನು ಹೊತ್ತು ತರುತ್ತಿದ್ದರು, ಹಾಗಾಗಿ ನೆಲಕ್ಕೆ ಇಂಗುತ್ತಿದ್ದುದು ಹೆಚ್ಚಾಗಿ ಮಳೆಯ ನೀರು. 20ನೇ ಶತಮಾನದಲ್ಲಿ ಕೊಳಾಯಿ ಬಂತು, ಒಳಚರಂಡಿ ಬಂತು. ಅಂಥ ಊರಿಗೆ ಅದು ದೊಡ್ಡ ವರವೇ. ಆದರೆ ಸದಾ ಅಲುಗುವ ಮಣ್ಣಿನಲ್ಲಿ ಹೂತ ಪೈಪಿನ ಕೂಡು ಗಟ್ಟಿ ನಿಲ್ಲುವುದಿಲ್ಲ. ಅಲ್ಲಿ ಸೋರಿದ ನೀರು ವರ್ಷವಿಡೀ ಇಂಗುತ್ತದೆ. 1963ರಲ್ಲಿ ಗುಡ್ಡದ ಪಾರ್ಶ್ವ ಜಾರತೊಡಗಿತು. ಈ ಕಾಮಗಾರಿಗಳೇ ಅದನ್ನು ಕೆರಳಿಸಿದವು ಎಂಬ ಅಭಿಪ್ರಾಯ ಇಂದಿಗೂ ಬಲವಾಗಿದೆ.

ಸುಮಾರು 1,800 ಜನರನ್ನು ಕೆಳಗಿನ ಕಣಿವೆಯ ಕ್ರಾಕೊ ಪೆಸ್ಕಿಯೇರಾಕ್ಕೆ ಸಾಗಿಸುವ ಕೆಲಸ ಶುರುವಾಯಿತು. ಎಲ್ಲರೂ ಒಂದೇ ಸಲ ಇಳಿಯಲಿಲ್ಲ. ಕೆಲವರು ಮನೆ ಬಿಡಲು ಒಪ್ಪಲಿಲ್ಲ, ಹೋದವರಲ್ಲೂ ಮರಳುವ ಆಸೆಯಿತ್ತು. 1972ರ ಪ್ರವಾಹ ಆ ಆಸೆಯನ್ನು ಕೊಚ್ಚಿಕೊಂಡು ಹೋಯಿತು. 1980ರ ನವೆಂಬರ್ 23ರ ಇರ್ಪಿನಿಯಾ ಭೂಕಂಪದ ನಂತರ ಮೇಲೂರು ಪೂರ್ತಿ ಖಾಲಿಯಾಯಿತು.

ಬಯಲಿನ ಭಯವೂ ಅಷ್ಟರಲ್ಲಿ ಹೋಗಿತ್ತು. ಎರಡನೇ ಮಹಾಯುದ್ಧದ ನಂತರ ಡಿಡಿಟಿ ಸಿಂಪಡಿಸಿ ಮಲೇರಿಯಾವನ್ನು ಹೊಡೆದೋಡಿಸಿದ್ದರು. 1950ರ ಭೂಸುಧಾರಣೆಯಿಂದ ಕರಾವಳಿಯ ಬಯಲಿನಲ್ಲಿ ಬಡ ರೈತರಿಗೆ ಜಮೀನು ಹಂಚಿಕೆಯಾಗಿತ್ತು. ಮೇಲೆ ಇರಲು ಹಳೆಯ ಕಾರಣಗಳು ಉಳಿದಿರಲಿಲ್ಲ. ಉಳಿದಿದ್ದದ್ದು ಹುಟ್ಟಿದ ಮನೆಯ ಮೇಲಿನ ಮಮತೆ. ಅದನ್ನು ಕಡೆಗಣಿಸಿ ಈ ಸ್ಥಳಾಂತರದ ಕಥೆ ಹೇಳುವುದು ಸರಿಯಲ್ಲ. ಓಣಿಯಲ್ಲಿ ಗೋಡೆಗೆ ಗೋಡೆ ತಾಗಿಸಿ, ಹೊಸ್ತಿಲಲ್ಲಿ ಕೂತು ಮಾತಾಡಿ ಬಾಳಿದವರಿಗೆ ಸರ್ಕಾರ ಗೆರೆ ಎಳೆದು ಕಟ್ಟಿಸಿದ ಹೊಸ ಮನೆ ಸೂರಾಗಬಹುದು. ಊರಾಗಲು ಕಾಲ ಬೇಕು.

2010ರಲ್ಲಿ ವಿಶ್ವ ಸ್ಮಾರಕ ನಿಧಿ ಕ್ರಾಕೊವನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಸಿನಿಮಾದವರೂ ಬಂದು ಚಿತ್ರೀಕರಣ ಮಾಡಿ ಹೋದರು. ಹಡಗು ಹತ್ತಿದವರ ಮೊಮ್ಮಕ್ಕಳು, ಮರಿಮಕ್ಕಳು ಅಮೆರಿಕದಲ್ಲಿ ಸಂಘ ಕಟ್ಟಿಕೊಂಡು ಹಳೆಯ ಕಾಗದಪತ್ರ, ಹೆಸರುಗಳನ್ನು ಕೂಡಿಹಾಕುತ್ತಿದ್ದಾರೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಆಗೀಗ ಚರ್ಚಿನ ಹಬ್ಬಗಳು ಹಳೆಯ ಕ್ರಾಕೊದಲ್ಲೇ ನಡೆಯುತ್ತವೆ. ಆ ದಿನ ಪೆಸ್ಕಿಯೇರಾದ ಜನ ಗುಡ್ಡ ಹತ್ತಿ ಬರುತ್ತಾರೆ, ಸಂಜೆ ಮತ್ತೆ ಕೆಳಗಿಳಿಯುತ್ತಾರೆ.