ಮಸ್ಕಿ ಮೀನಿಗೆ ಬಾಳಿಕೆ ಬರುವ ಬೈಟ್‌ಕಾಸ್ಟಿಂಗ್ ರೀಲ್ ಆರಿಸುವುದು ಹೇಗೆ?

ಪ್ರಶ್ನೆ: ಅಮೆರಿಕದ ಮಿನ್ನೆಸೋಟಕ್ಕೆ ಬಂದ ಮೇಲೆ ಇಲ್ಲಿನ ಸಿಹಿನೀರಿನ ದೊಡ್ಡ ಬೇಟೆ ಮೀನು ಮಸ್ಕಿಯ ಹುಚ್ಚು ಹಿಡಿದಿದೆ. ಬಾಸ್ ಮೀನಿಗೆಂದು ಕೊಂಡಿದ್ದ ಬೈಟ್‌ಕಾಸ್ಟಿಂಗ್ ರೀಲನ್ನೇ (ಕೋಲಿನ ಮೇಲೆ ಕೂರುವ, ಎಸೆದಾಗ ಉರುಳೆ ತಿರುಗಿ ದಾರ ಬಿಡುವ ರೀಲ್) ದಪ್ಪ ಕೋಲಿಗೆ ಹಾಕಿ ಬಳಸುತ್ತಿದ್ದೆ. ಎರಡನೇ ಸೀಸನ್ ಅರ್ಧಕ್ಕೆ ಬರುವಷ್ಟರಲ್ಲಿ ತಿರುಗಿಸಿದರೆ ಗರಗರ ಸದ್ದು ಬರುತ್ತಿದೆ. ಗಾಳ ಕೂರಿಸಲು ಜೋರಾಗಿ ಎಳೆದರೆ ಹಿಡಿಕೆ ಹಿಂದಕ್ಕೆ ಜಾರುತ್ತದೆ. ಇದುವರೆಗೆ ಹಿಡಿದದ್ದು ಒಂದೇ ಒಂದು ಮಸ್ಕಿ. ಇಷ್ಟು ಬೇಗ ಕೆಡುವುದೇಕೆ? 250–300 ಡಾಲರಿನೊಳಗೆ ವರ್ಷಗಟ್ಟಲೆ ಬಾಳುವ ರೀಲ್ ಹೇಗೆ ಆರಿಸಲಿ?

ಉತ್ತರ: ನಿಮ್ಮ ರೀಲನ್ನು ಸವೆಸಿದ್ದು ದಿನವಿಡೀ ಎಳೆದ ಲ್ಯೂರ್, ಅಂದರೆ ಕೃತಕ ಎರೆ. ಆ ಒಂದು ಮೀನಿನ ಪಾಲು ಅದರಲ್ಲಿ ಏನೇನೂ ಅಲ್ಲ. ಮಸ್ಕಿಯನ್ನು ಹತ್ತು ಸಾವಿರ ಎಸೆತದ ಮೀನು ಎಂದು ಅಲ್ಲಿಯವರು ಕರೆಯುವುದು ಸುಮ್ಮನೆ ಅಲ್ಲ. ಗಂಟೆಗೆ 30 ಸಲ ಗಾಳ ಬೀಸುತ್ತೀರಿ ಎಂದುಕೊಂಡರೂ 8 ಗಂಟೆಯಲ್ಲಿ 240 ಎಸೆತ. ಒಂದೊಂದೂ 30 ಮೀಟರ್ ಹೋದರೆ, ಒಂದು ಸುತ್ತಿಗೆ 70 ಸೆಂ.ಮೀ. ದಾರ ಒಳಗೆ ಬರುವ ರೀಲಿನಲ್ಲಿ ಪ್ರತಿ ಎಸೆತಕ್ಕೆ ಸುಮಾರು 43 ಸುತ್ತು. ಒಂದು ದಿನಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು, ಅದೂ ಭಾರದ ಮೇಲೆ. ಬಾಸ್‌ಗೆ ಬಳಸುವ ಲ್ಯೂರ್ 10–20 ಗ್ರಾಂ ತೂಗಿದರೆ ಮಸ್ಕಿಯದು 60 ಗ್ರಾಂನಿಂದ ಶುರುವಾಗಿ, ದೊಡ್ಡ ರಬ್ಬರ್ ಲ್ಯೂರ್‌ಗಳಲ್ಲಿ 450 ಗ್ರಾಂವರೆಗೂ ಹೋಗುತ್ತದೆ. ತೂಕಕ್ಕಿಂತ ಕೆಟ್ಟದ್ದು ನೀರಿನ ಎಳೆತ. 10ನೇ ನಂಬರಿನ ಜೋಡಿ ಬ್ಲೇಡ್ (ನೀರಿನಲ್ಲಿ ಗಿರಗಿರ ತಿರುಗುವ ಲೋಹದ ಎಲೆ) ಇರುವ ಬಕ್‌ಟೇಲ್ ಎಂಬ ಕೂದಲಿನ ಲ್ಯೂರನ್ನು ಒಮ್ಮೆ ವೇಗವಾಗಿ ಎಳೆದು ನೋಡಿ, ಬಕೆಟ್ಟನ್ನು ನೀರಿನೊಳಗೆ ಎಳೆದಂತಿರುತ್ತದೆ. ರೀಲ್ ಕೊಳ್ಳುವಾಗ ಮನಸ್ಸಿನಲ್ಲಿ ಇರಬೇಕಾದ್ದು ನಿಮ್ಮ ಪೆಟ್ಟಿಗೆಯಲ್ಲಿ ಅತಿ ಹೆಚ್ಚು ಎಳೆಯುವ ಆ ಲ್ಯೂರ್.

ಆ ಎಳೆತ ಎಲ್ಲಿ ಹೋಗಿ ಕೂರುತ್ತದೆ ಎಂದು ನೋಡೋಣ. ಹಿಡಿಕೆಯ ಬುಡದಲ್ಲಿ ದೊಡ್ಡ ಗೇರ್ ಇದೆ. ಅದು ಪಿನಿಯನ್ ಎಂಬ ಚಿಕ್ಕ ಗೇರನ್ನು ತಿರುಗಿಸುತ್ತದೆ, ಪಿನಿಯನ್ ದಾರ ಸುತ್ತಿರುವ ಸ್ಪೂಲನ್ನು ತಿರುಗಿಸುತ್ತದೆ. ರೀಲ್ ಮೇಲೆ 5.3:1 ಎಂದು ಬರೆದಿದ್ದರೆ ಹಿಡಿಕೆ ಒಂದು ಸುತ್ತು ಬಂದಾಗ ಸ್ಪೂಲ್ 5.3 ಸುತ್ತು ಬರುತ್ತದೆ ಎಂದರ್ಥ. ಒಂದೇ ಅಳತೆಯ ರೀಲಿನೊಳಗೆ ಈ ಎರಡು ಗೇರ್‌ಗಳ ಕೇಂದ್ರಗಳ ನಡುವಿನ ಅಂತರ ಬದಲಾಗುವುದಿಲ್ಲ. ಹಾಗಾಗಿ ವೇಗ ಹೆಚ್ಚಿಸಬೇಕಾದರೆ ಪಿನಿಯನ್ ಸಣ್ಣದಾಗಲೇಬೇಕು. ಆ ಅಂತರ 18 ಮಿ.ಮೀ. ಎಂದಿಟ್ಟುಕೊಂಡರೆ 5.3:1ರಲ್ಲಿ ಪಿನಿಯನ್ನಿನ ತ್ರಿಜ್ಯ 2.9 ಮಿ.ಮೀ., 7.1:1ರಲ್ಲಿ 2.2 ಮಿ.ಮೀ. ಲ್ಯೂರ್ 2 ಕಿಲೋ ಎಳೆಯುತ್ತಿದೆ, ದಾರ ತುಂಬಿದ ಸ್ಪೂಲಿನ ತ್ರಿಜ್ಯ 2 ಸೆಂ.ಮೀ. ಎನ್ನಿ. ಮೊದಲನೆಯದರಲ್ಲಿ ಗೇರಿನ ಹಲ್ಲಿನ ಮೇಲೆ ಬೀಳುವುದು 14 ಕಿಲೋ, ಎರಡನೆಯದರಲ್ಲಿ 18 ಕಿಲೋ. ಅದೇ ಲ್ಯೂರ್, ಅದೇ ದಾರ, ಹಲ್ಲಿನ ಮೇಲೆ ಮಾತ್ರ ಕಾಲು ಭಾಗಕ್ಕೂ ಮಿಕ್ಕಿ ಹೆಚ್ಚು ಹೊರೆ. ದಿನಕ್ಕೆ ಹತ್ತು ಸಾವಿರ ಸುತ್ತಿನ ಲೆಕ್ಕವನ್ನು ಇದಕ್ಕೆ ಸೇರಿಸಿದರೆ ಗರಗರ ಸದ್ದು ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಹೀಗಾಗಿ ಮೊದಲು ಕೇಳಬೇಕಾದ್ದು ಗೇರ್ ಯಾವ ಲೋಹದ್ದು ಎಂದು. ತೂಕ ಇಳಿಸಲು ಅಲ್ಯೂಮಿನಿಯಂ ದೊಡ್ಡ ಗೇರ್ ಹಾಕಿದ ರೀಲ್ ಬಾಸ್‌ಗೆ ಚೆನ್ನ, ಮಸ್ಕಿಗೆ ಬೇಡ. ಹಿತ್ತಾಳೆಯ ದೊಡ್ಡ ಗೇರ್, ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಪಿನಿಯನ್ ಇರಲಿ. ಹಲ್ಲಿನ ಅಗಲವೂ ಮುಖ್ಯ, ಅಗಲ ಹೆಚ್ಚಿದಷ್ಟು ಹೊರೆ ಹಂಚಿಹೋಗುತ್ತದೆ. ಇಷ್ಟಿದ್ದರೂ ಗೇರ್‌ಗಳನ್ನು ಹಿಡಿದಿರುವ ಚೌಕಟ್ಟು ಬಾಗಿದರೆ ಪ್ರಯೋಜನವಿಲ್ಲ. ಭಾರದಲ್ಲಿ ಚೌಕಟ್ಟು ಕೂದಲೆಳೆಯಷ್ಟು ಬಾಗಿದರೂ ಹಲ್ಲುಗಳು ಪೂರ್ತಿ ಕೂರುವುದಿಲ್ಲ, ತುದಿ ತುದಿಯಲ್ಲೇ ಉಜ್ಜಿಕೊಳ್ಳುತ್ತವೆ. ಪ್ಲಾಸ್ಟಿಕ್ಕಿಗೆ ನಾರು ಬೆರೆಸಿ ಮಾಡಿದ ಚೌಕಟ್ಟನ್ನು ಗ್ರಾಫೈಟ್ ಎಂದು ಮಾರುತ್ತಾರೆ, ಅದನ್ನು ಬಿಟ್ಟು ಒಂದೇ ತುಂಡಿನ ಅಲ್ಯೂಮಿನಿಯಂ ಚೌಕಟ್ಟಿಗೇ ದುಡ್ಡು ಕೊಡಿ. ಪಿನಿಯನ್ನಿನ ಎರಡೂ ತುದಿಗೆ ಬೇರಿಂಗ್ ಇದ್ದರೆ ಇನ್ನೂ ಒಳ್ಳೆಯದು. ಒಟ್ಟು ಬೇರಿಂಗ್ ಎಷ್ಟು ಎಂಬ ಅಂಕಿಗೆ ಇದರ ಮುಂದೆ ಬೆಲೆಯಿಲ್ಲ. ಹತ್ತು ಬೇರಿಂಗ್ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅದರಲ್ಲಿ ನಾಲ್ಕು ಹಿಡಿಕೆಯ ಗುಬಟಿಗಳೊಳಗೆ ಕುಳಿತಿರಬಹುದು.

ವೇಗದ ಆಯ್ಕೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ದಾರ ತುಂಬಿದ ಸ್ಪೂಲಿನ ವ್ಯಾಸ 4 ಸೆಂ.ಮೀ. ಇದ್ದರೆ ಒಂದು ಸುತ್ತಳತೆ 12.6 ಸೆಂ.ಮೀ. ಆಗ 5.3:1 ರೀಲ್ ಹಿಡಿಕೆಯ ಸುತ್ತೊಂದಕ್ಕೆ ಸುಮಾರು 67 ಸೆಂ.ಮೀ. ದಾರ ಎಳೆದುಕೊಳ್ಳುತ್ತದೆ, 6.3:1 ಆದರೆ 79, 7.1:1 ಆದರೆ 89. ದೊಡ್ಡ ಬ್ಲೇಡಿನ ಬಕ್‌ಟೇಲ್, ಆಳಕ್ಕೆ ಇಳಿಯುವ ಅಗಲ ನಾಲಿಗೆಯ ಕ್ರ್ಯಾಂಕ್‌ಬೈಟ್ ಲ್ಯೂರ್ ಎಳೆಯಲು 5ರ ಆಸುಪಾಸಿನ ರೀಲ್ ಬೇಕು. ಕೋಲಿನಿಂದ ಲ್ಯೂರನ್ನು ಜಗ್ಗಿ ಜಗ್ಗಿ ಆಡಿಸುವ ಜರ್ಕ್‌ಬೈಟ್ ಮತ್ತು ರಬ್ಬರ್ ಲ್ಯೂರ್‌ಗಳಲ್ಲಿ ರೀಲಿನ ಕೆಲಸ ಸಡಿಲ ದಾರ ಎತ್ತಿಕೊಳ್ಳುವುದು ಮಾತ್ರ, ಅಲ್ಲಿ 7:1 ಹಿತ. ಒಂದೇ ರೀಲ್ ಕೊಳ್ಳುವುದಾದರೆ 6ರ ಹತ್ತಿರದ್ದು ತೆಗೆದುಕೊಳ್ಳಿ. ವೇಗದ ರೀಲಿನಲ್ಲೇ ದಿನವಿಡೀ ಜೋಡಿ ಬ್ಲೇಡ್ ಎಳೆಯುವವರ ಮಣಿಕಟ್ಟು ಗೇರಿಗಿಂತ ಮೊದಲೇ ಸೋಲುತ್ತದೆ.

ಹಿಡಿಕೆಗೂ ಇದೇ ಲೆಕ್ಕ. ತುದಿಯಿಂದ ತುದಿಗೆ 110 ಮಿ.ಮೀ. ಇರುವ ಜೋಡಿ ಹಿಡಿಕೆಯಲ್ಲಿ 2 ಕಿಲೋ ಎಳೆತಕ್ಕೆ ಕೈ ಕೊಡಬೇಕಾದ ಬಲ 5.3:1ರಲ್ಲಿ 3.9 ಕಿಲೋ, 7.1:1ರಲ್ಲಿ 5.2 ಕಿಲೋ. ಅದನ್ನು 130 ಮಿ.ಮೀ. ಮಾಡಿದರೆ 7.1:1 ಕೂಡ 4.4ಕ್ಕೆ ಇಳಿಯುತ್ತದೆ. ಆದರೆ ಉದ್ದ ಹಿಡಿಕೆ ಕೈಗಷ್ಟೇ ನೆರವು, ಗೇರಿನ ಹಲ್ಲಿನ ಹೊರೆ ಅದರಿಂದ ಒಂದು ಗ್ರಾಂ ಕೂಡ ಇಳಿಯದು. ಸಣ್ಣ ರೀಲಿಗೆ ಉದ್ದ ಹಿಡಿಕೆ ಹಾಕಿದರೆ ಅದು ಸವೆಯುತ್ತಿರುವುದು ಕೈಗೆ ಗೊತ್ತಾಗದೆ ಹೋಗುತ್ತದೆ, ಅಷ್ಟೇ.

ಈಗ ನಿಮ್ಮ ಎರಡನೇ ದೂರು, ಹಿಡಿಕೆ ಹಿಂದಕ್ಕೆ ಜಾರುವುದು. ಹಿಡಿಕೆ ಮುಂದಕ್ಕೆ ಮಾತ್ರ ತಿರುಗುವಂತೆ ತಡೆಯುವುದು ಒಂದು ಏಕಮುಖ ಬೇರಿಂಗ್. ಅದರೊಳಗೆ ಪೆನ್ಸಿಲ್ ಸೀಸದಂಥ ಸಣ್ಣ ರೋಲರ್‌ಗಳಿರುತ್ತವೆ. ಹಿಂದಕ್ಕೆ ತಿರುಗಿಸಿದ ಕೂಡಲೇ ಇಳಿಜಾರಿನ ಸಂದಿಗೆ ಸರಿದು ನಡುವಿನ ಉಕ್ಕಿನ ಕೊಳವೆಯನ್ನು ಕಚ್ಚಿ ಹಿಡಿಯುವುದು ಅವುಗಳ ಕೆಲಸ. ಅಲ್ಲಿ ದಪ್ಪ ಗ್ರೀಸ್ ಸೇರಿದರೆ ರೋಲರ್‌ಗಳು ಅಂಟಿಕೊಂಡು ನಿಧಾನವಾಗುತ್ತವೆ. ದೊಡ್ಡ ಮೀನು ಸಿಗುವ ನವೆಂಬರಿನ ಚಳಿಯಲ್ಲಿ ಗ್ರೀಸ್ ಇನ್ನಷ್ಟು ಗಟ್ಟಿಯಾಗುತ್ತದೆ, ಬೇಸಿಗೆಯಲ್ಲಿ ಸರಿಯಿದ್ದ ರೀಲ್ ಆಗ ಕೈಕೊಡುತ್ತದೆ. ದೋಣಿಯ ಪಕ್ಕದಲ್ಲಿ ಎಂಟರ ಆಕಾರದಲ್ಲಿ ಲ್ಯೂರ್ ಆಡಿಸುವಾಗ ಹೊರಗಿರುವ ದಾರ ಒಂದು ಮೊಳಕ್ಕಿಂತ ತುಸು ಹೆಚ್ಚು. ಎಳೆಗಳನ್ನು ಹೆಣೆದು ಮಾಡಿದ ಬ್ರೇಡ್ ದಾರ ಹಿಗ್ಗುವುದಿಲ್ಲ. ಮೀನು ಅಲ್ಲಿ ಹೊಡೆದರೆ ಏಟೆಲ್ಲ ನೇರ ಈ ರೋಲರ್‌ಗಳ ಮೇಲೆ. ಆದ್ದರಿಂದ ಏಕಮುಖ ಬೇರಿಂಗಿನ ಜೊತೆಗೆ ಹಲ್ಲು ಮತ್ತು ಕೊಕ್ಕೆಯ ಎರಡನೇ ತಡೆಯೂ ಇರುವ ರೀಲನ್ನೇ ಆರಿಸಿ. ಬೇರಿಂಗ್ ಜಾರಿದರೂ ಕೊಕ್ಕೆ ಹಿಡಿಯುತ್ತದೆ. ಇದೆಯೋ ಇಲ್ಲವೋ ಎಂದು ರೀಲಿನ ಬಿಡಿಭಾಗಗಳ ಚಿತ್ರ ನೋಡಿದರೆ ತಿಳಿಯುತ್ತದೆ.

ಇನ್ನೊಂದು ಜಾಗವನ್ನು ಅಂಗಡಿಯವರೂ ಹೇಳುವುದಿಲ್ಲ. ಸ್ಪೂಲಿನ ದಂಡಕ್ಕೆ ಅಡ್ಡಲಾಗಿ ಒಂದು ಪಿನ್ ಇರುತ್ತದೆ, ಪಿನಿಯನ್ನಿನ ತುದಿಯಲ್ಲಿ ಅದಕ್ಕೆ ಸರಿಯಾದ ಕಚ್ಚು. ಹೆಬ್ಬೆರಳಿನಿಂದ ಗುಂಡಿ ಒತ್ತಿದಾಗ ಪಿನಿಯನ್ ಪಕ್ಕಕ್ಕೆ ಸರಿದು ಸ್ಪೂಲ್ ಬಿಡುಗಡೆಯಾಗುತ್ತದೆ, ಹಿಡಿಕೆ ತಿರುಗಿಸಿದಾಗ ಮತ್ತೆ ಬಂದು ಕೂರುತ್ತದೆ. ಲ್ಯೂರ್ ಇನ್ನೂ ಹಾರುತ್ತಿರುವಾಗ, ಸ್ಪೂಲ್ ತಿರುಗುತ್ತಿರುವಾಗಲೇ ಹಿಡಿಕೆ ತಿರುಗಿಸುವ ಅಭ್ಯಾಸ ಹಲವರಿಗಿದೆ. ಪಿನ್ನೂ ಕಚ್ಚೂ ಪ್ರತಿ ಸಲ ಢಿಕ್ಕಿ ಹೊಡೆದು ಕಚ್ಚಿನ ಮೂಲೆಗಳು ದುಂಡಗಾಗುತ್ತವೆ. ಮುಂದೊಂದು ದಿನ ಗಾಳ ಕೂರಿಸಲು ಎಳೆದಾಗ ‘ಟಕ್’ ಎಂದು ಪಿನ್ ಹೊರಗೆ ಹಾರುತ್ತದೆ, ಸ್ಪೂಲ್ ಹಿಂದಕ್ಕೆ ಓಡಿ ದಾರವೆಲ್ಲ ಗೂಡು ಕಟ್ಟುತ್ತದೆ, ಮೀನು ಹೋಗುತ್ತದೆ. ಲ್ಯೂರ್ ನೀರು ಮುಟ್ಟುವ ಮುನ್ನ ಹೆಬ್ಬೆರಳಿನಿಂದ ಸ್ಪೂಲ್ ಪೂರ್ತಿ ನಿಲ್ಲಿಸಿ, ಆಮೇಲೆ ಹಿಡಿಕೆ ಮುಟ್ಟಿ.

ಮೀನು ಜೋರಾಗಿ ಎಳೆದಾಗ ದಾರವನ್ನು ತಡೆದು ತಡೆದು ಬಿಡುವ ಭಾಗ ಡ್ರ್ಯಾಗ್, ಅದು ಎಷ್ಟು ಪೌಂಡ್ ಎಂಬ ಅಂಕಿಗೆ ಮರುಳಾಗಬೇಡಿ. 25 ಪೌಂಡ್ ಎಂದರೆ ಹನ್ನೊಂದು ಕಿಲೋಗೂ ಹೆಚ್ಚು, ಅಷ್ಟು ಬಲಕ್ಕೆ ಕೋಲು ಹಿಡಿದು ನಿಲ್ಲುವುದೇ ಕಷ್ಟ. ಕಾರ್ಬನ್ ವಾಷರ್ ಇರಬೇಕು, ಜಗ್ಗದೆ ಒಂದೇ ಸಮ ಬಿಡಬೇಕು, ಸಾಕು.

ರೀಲಿನ ಅಳತೆಯಲ್ಲಿ 300 ಮತ್ತು 400 ಎಂಬ ವರ್ಗಗಳು ಮಸ್ಕಿಯವು. ಸುಮಾರು 115 ಗ್ರಾಂ ಒಳಗಿನ ಲ್ಯೂರ್‌ಗಳಿಗೆ 300 ಸಾಲುತ್ತದೆ, ಅದಕ್ಕೂ ದೊಡ್ಡದು ಎಸೆಯುವವರಿಗೆ 400. ದಾರ 80 ಪೌಂಡ್ ತಡೆಯುವ ಬ್ರೇಡ್, ದಪ್ಪ ಸುಮಾರು 0.43 ಮಿ.ಮೀ. ಮೀನು ಅಷ್ಟು ತೂಗುವುದಿಲ್ಲವಲ್ಲ ಎಂದು ತೆಳು ದಾರ ಹಾಕಿದರೆ ಎಸೆಯುವಾಗ ಒಮ್ಮೆ ದಾರ ಸಿಕ್ಕಿಕೊಂಡರೆ ಸಾಕು, ದುಬಾರಿ ಲ್ಯೂರ್ ಕಿತ್ತುಕೊಂಡು ಕೆರೆಯ ನಡುವೆ ಬೀಳುತ್ತದೆ. ತೆಳು ಬ್ರೇಡ್ ತನ್ನ ಸುತ್ತಿನೊಳಗೇ ಹೂತುಕೊಳ್ಳುವ ತೊಂದರೆಯೂ ಉಂಟು. ಸ್ಪೂಲಿನ ಬುಡಕ್ಕೆ ಹತ್ತು ಹನ್ನೆರಡು ಸುತ್ತು ನೈಲಾನ್ ದಾರ ಸುತ್ತಿ ಅದರ ಮೇಲೆ ಬ್ರೇಡ್ ಹಾಕಿ. ಇಲ್ಲದಿದ್ದರೆ ಇಡೀ ಬ್ರೇಡ್ ಉಂಡೆಯೇ ಸ್ಪೂಲಿನ ಮೇಲೆ ಜಾರುತ್ತದೆ, ಡ್ರ್ಯಾಗ್ ಕೆಟ್ಟಿದೆ ಎಂದು ರೀಲ್ ಬಿಚ್ಚಿ ಕೂರುತ್ತೀರಿ.

ಇನ್ನು ರೀಲ್‌ಗಳ ಹೆಸರು. ಮಸ್ಕಿ ದೋಣಿಗಳಲ್ಲಿ ಹೆಚ್ಚು ಕಾಣುವುದು ಶಿಮಾನೊ ಟ್ರ್ಯಾಂಕ್ಸ್, ಡೈವಾ ಲೆಕ್ಸಾ, ಅಬು ಗಾರ್ಸಿಯಾದ ಟೋರೊ ಸಾಲಿನ ಚಪ್ಪಟೆ ರೀಲ್‌ಗಳು, ಜೊತೆಗೆ 1950ರ ದಶಕದಿಂದ ಬರುತ್ತಿರುವ ಅಬುವಿನ ದುಂಡು ರೀಲ್ ಅಂಬಾಸಡರ್. ಚಪ್ಪಟೆ ರೀಲ್ ಅಂಗೈಯಲ್ಲಿ ತಗ್ಗಾಗಿ ಕೂರುತ್ತದೆ, ದಿನವಿಡೀ ಎಸೆಯುವವರಿಗೆ ಅದೇ ಸುಖ. ಅಂಬಾಸಡರ್ 6500 ಅಷ್ಟು ಹಿತವಲ್ಲ, ಆದರೆ ಮನೆಯಲ್ಲೇ ಬಿಚ್ಚಿ ಕೂಡಿಸಲು ಅದಕ್ಕಿಂತ ಸುಲಭವಾದದ್ದಿಲ್ಲ, ಬಿಡಿಭಾಗಗಳೂ ಧಾರಾಳ. ನಿಮ್ಮ ಬಜೆಟ್ಟಿಗೆ ನಮ್ಮ ಸಲಹೆ: ಅಲ್ಯೂಮಿನಿಯಂ ಚೌಕಟ್ಟಿನ 300 ಅಥವಾ 400 ವರ್ಗದ ಒಂದು ಚಪ್ಪಟೆ ರೀಲನ್ನು 6ರ ಆಸುಪಾಸಿನ ವೇಗದಲ್ಲಿ ಈಗ ಕೊಳ್ಳಿ. ಬಕ್‌ಟೇಲ್‌ಗೆಂದು ನಿಧಾನದ ಅಂಬಾಸಡರ್ ಒಂದನ್ನು ಮುಂದಿನ ವರ್ಷ ಸೇರಿಸಿ. ಹೊರೆ ಎರಡಕ್ಕೆ ಹಂಚಿದರೆ ಎರಡೂ ಬಾಳುತ್ತವೆ.

ಅಂಗಡಿಯಲ್ಲಿ ಐದು ನಿಮಿಷ ತೆಗೆದುಕೊಳ್ಳಿ. ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ ಹೆಬ್ಬೆರಳಿನಿಂದ ಸ್ಪೂಲ್ ಗಟ್ಟಿಯಾಗಿ ಹಿಡಿದು ಹಿಡಿಕೆ ತಿರುಗಿಸಲು ನೋಡಿ: ಪಕ್ಕದ ಮುಚ್ಚಳ ಉಬ್ಬಿದರೆ ಅಥವಾ ಕಿರುಗುಟ್ಟಿದರೆ ಆ ರೀಲ್ ಬೇಡ. ಹಿಡಿಕೆಯನ್ನು ಥಟ್ಟನೆ ಹಿಂದಕ್ಕೆ ತಳ್ಳಿ, ಎಳ್ಳಷ್ಟೂ ಹೋಗಬಾರದು. ಇದನ್ನು ಇಪ್ಪತ್ತು ಸಲ ಮಾಡಿ, ಒಮ್ಮೆ ಜಾರಿದರೂ ಜಾರಿದಂತೆಯೇ.

ಕೊಂಡ ಮೇಲೆ ಮೊದಲ ದಿನ ಮುಗಿದಾಗ ಹಿಡಿಕೆಯ ನಟ್ ಮತ್ತು ರೀಲಿನ ಸ್ಕ್ರೂಗಳನ್ನು ಒಮ್ಮೆ ಬಿಗಿ ಮಾಡಿ. ಹತ್ತು ದಿನದ ಬಳಕೆಗೊಮ್ಮೆ ಮುಂಭಾಗದ ತಿರುಪಿನ ದಂಡಕ್ಕೆ ಒಂದು ತೊಟ್ಟು ತೆಳು ಎಣ್ಣೆ ಹಾಕಿ. ದಾರವನ್ನು ಅತ್ತಿತ್ತ ಹಂಚುವುದು ಆ ದಂಡ. ಅದರ ತೋಡಿನಲ್ಲಿ ಓಡಾಡುವ ಪುಟ್ಟ ಲೋಹದ ನಾಲಿಗೆಗೆ ಪಾಲ್ ಎನ್ನುತ್ತಾರೆ, ಸವೆಯಲೆಂದೇ ಮಾಡಿದ ಅಗ್ಗದ ಭಾಗ. ದಾರ ಒಂದೇ ಕಡೆ ಗುಡ್ಡೆಯಾಗತೊಡಗಿದರೆ ಅದರ ಕಥೆ ಮುಗಿಯಿತು ಎಂದು ತಿಳಿದು ಬದಲಿಸಿ, ಅಂಬಾಸಡರಿನಲ್ಲಿ ಕೆಳಗಿನ ಸಣ್ಣ ಮುಚ್ಚಳ ತಿರುಗಿಸಿದರೆ ಕೈಗೇ ಬರುತ್ತದೆ. ಸೀಸನ್ನಿಗೊಮ್ಮೆ ರೀಲ್ ಬಿಚ್ಚಿ, ದೊಡ್ಡ ಗೇರಿನ ಹಲ್ಲುಗಳಿಗೆ ತೊಗರಿ ಕಾಳಿನಷ್ಟು ಗ್ರೀಸನ್ನು ಬ್ರಷ್ಷಿನಿಂದ ಹರಡಿ, ಸ್ಪೂಲಿನ ಬೇರಿಂಗ್‌ಗಳಿಗೆ ಸಾಸಿವೆಯಷ್ಟು ಎಣ್ಣೆ ಬಿಡಿ. ಲ್ಯೂರ್ ಮರದ ಬೇರಿಗೆ ಸಿಕ್ಕಿದಾಗ ರೀಲಿನಿಂದ ಎಳೆಯಲೇಬೇಡಿ, ದಾರವನ್ನು ಒಂದು ಮರದ ತುಂಡಿಗೆ ನಾಲ್ಕು ಸುತ್ತು ಸುತ್ತಿ ಅದನ್ನು ಹಿಡಿದು ಎಳೆಯಿರಿ.

ಈಗಿರುವ ರೀಲನ್ನು ಬಿಸಾಡಬೇಡಿ. ಏಕಮುಖ ಬೇರಿಂಗ್ ಬಿಚ್ಚಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಒಂದೇ ತೊಟ್ಟು ತೆಳು ಎಣ್ಣೆ ಬಿಟ್ಟು ಕೂಡಿಸಿ. ನಡುವಿನ ಉಕ್ಕಿನ ಕೊಳವೆಯ ಮೇಲೆ ಉಗುರಿಗೆ ತಗಲುವಂಥ ಗೀರುಗಳಿದ್ದರೆ ಅದನ್ನೂ ಬದಲಿಸಬೇಕು. ಗರಗರ ಸದ್ದಿಗೆ ಎರಡೂ ಗೇರ್‌ಗಳನ್ನು ಜೋಡಿಯಾಗಿಯೇ ಹಾಕಿಸಿ, ಸವೆದ ಒಂದರ ಜೊತೆ ಹೊಸದೊಂದು ಹೊಂದುವುದಿಲ್ಲ, ಹೊಸದನ್ನೂ ಸವೆಸಿಬಿಡುತ್ತದೆ. ಆಮೇಲೆ ಅದು ಬಾಸ್ ಮೀನಿಗೆ ಇನ್ನೂ ಹಲವು ವರ್ಷ ಬರುತ್ತದೆ.